ಮದರ್‌ಬೋರ್ಡ್ ಬದಲಾವಣೆಯ ನಂತರದ ಬೂಟ್ ವೈಫಲ್ಯ

ಮದರ್‌ಬೋರ್ಡ್ ಬದಲಾವಣೆಯ ನಂತರದ ಬೂಟ್ ವೈಫಲ್ಯ ಎಂದರೆ ಗಣಕಯಂತ್ರವೊಂದಕ್ಕೆ ಹೊಸ ಮದರ್‌ಬೋರ್ಡ್ ಅಳವಡಿಸಿದ ಬಳಿಕ ಅದು ಚಾಲನೆಗೊಳ್ಳದಿರುವುದು, ಅಥವಾ ಚಾಲನೆಗೊಂಡರೂ ಕಾರ್ಯಾಚರಣ ವ್ಯವಸ್ಥೆಯವರೆಗೆ ತಲುಪದಿರುವುದು. ಸಡಿಲ ಜೋಡಣೆ, ಬಿಡಿಭಾಗಗಳ ನಡುವಿನ ಹೊಂದಾಣಿಕೆಯ ಕೊರತೆ, ಫರ್ಮ್‌ವೇರ್ ಸಿದ್ಧತೆಗಳಲ್ಲಿನ ವ್ಯತ್ಯಾಸ ಮತ್ತು ಚಾಲಕ ತಂತ್ರಾಂಶಗಳ ಅಭಾವ ಇದರ ಮುಖ್ಯ ಕಾರಣಗಳು. ಈ ಪೈಕಿ ಯಾವುದೂ ಸಾಮಾನ್ಯವಾಗಿ ಡಿಸ್ಕ್‌ನಲ್ಲಿರುವ ಕಡತಗಳನ್ನು ಅಳಿಸುವುದಿಲ್ಲ. ಕಡತಗಳು ನಷ್ಟವಾಗುವುದು ಹೆಚ್ಚಾಗಿ ದೋಷದಿಂದಲ್ಲ, ಕಾರಣ ತಿಳಿಯುವ ಮೊದಲೇ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದರಿಂದ. ಆದ್ದರಿಂದ ಯಂತ್ರವು ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಗುರುತಿಸುವುದು ದುರಸ್ತಿಯ ಮೊದಲ ಕೆಲಸವಾಗಿದೆ.

ಹಿನ್ನೆಲೆ

ಗುಂಡಿ ಒತ್ತಿದಾಗ ವಿದ್ಯುತ್ ಸರಬರಾಜು ಘಟಕವು ಮದರ್‌ಬೋರ್ಡಿಗೆ ಶಕ್ತಿ ನೀಡುತ್ತದೆ. ನಂತರ ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್ ಪ್ರೊಸೆಸರ್, ಮೆಮೊರಿ ಮತ್ತು ಗ್ರಾಫಿಕ್ಸನ್ನು ಪರೀಕ್ಷಿಸುತ್ತದೆ. ಈ ಸ್ವಯಂಪರೀಕ್ಷೆಯನ್ನು 'ಪೋಸ್ಟ್' ಎನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ಫರ್ಮ್‌ವೇರ್ ಬೂಟ್ ಡಿಸ್ಕನ್ನು ಹುಡುಕಿ, ಅದರಲ್ಲಿರುವ ಬೂಟ್ ಲೋಡರ್‌ಗೆ ನಿಯಂತ್ರಣವನ್ನು ಒಪ್ಪಿಸುತ್ತದೆ. ಕೊನೆಯಲ್ಲಿ ಕಾರ್ಯಾಚರಣ ವ್ಯವಸ್ಥೆ ಮೇಲೇಳುತ್ತದೆ.

1981ರ ಐಬಿಎಂ ಪಿಸಿಯಿಂದ ಬಂದ 'ಬಯೋಸ್' ಫರ್ಮ್‌ವೇರ್ ದೀರ್ಘಕಾಲ ಬಳಕೆಯಲ್ಲಿತ್ತು. ಅದರ ಸ್ಥಾನವನ್ನು ಈಗ 'ಯುಇಎಫ್‌ಐ' ಪಡೆದಿದೆ. ಬಯೋಸ್ ಪದ್ಧತಿಯಲ್ಲಿ ಡಿಸ್ಕಿನ ವಿಭಾಗಗಳ ವಿವರ 'ಎಂಬಿಆರ್' ಮಾದರಿಯಲ್ಲಿರುತ್ತದೆ. ಯುಇಎಫ್‌ಐ ಪದ್ಧತಿಯಲ್ಲಿ 'ಜಿಪಿಟಿ' ಮಾದರಿ ರೂಢಿಯಲ್ಲಿದೆ. ಹಳೆಯ ಯಂತ್ರದ ಡಿಸ್ಕನ್ನು ಹೊಸ ಬೋರ್ಡಿಗೆ ಜೋಡಿಸಿದಾಗ ಉಂಟಾಗುವ ಅನೇಕ ತೊಂದರೆಗಳಿಗೆ ಈ ಎರಡು ಪದ್ಧತಿಗಳ ನಡುವಿನ ವ್ಯತ್ಯಾಸವೇ ಮೂಲ.

ವೈಫಲ್ಯದ ಹಂತಗಳು

ಲಕ್ಷಣಗಳನ್ನು ಆಧರಿಸಿ ವೈಫಲ್ಯವನ್ನು ನಾಲ್ಕು ಹಂತಗಳಾಗಿ ವಿಂಗಡಿಸಬಹುದು.

1. ಗುಂಡಿ ಒತ್ತಿದರೂ ಫ್ಯಾನ್ ತಿರುಗುವುದಿಲ್ಲ, ದೀಪ ಬೆಳಗುವುದಿಲ್ಲ.
2. ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಏನೂ ಮೂಡುವುದಿಲ್ಲ.
3. ತಯಾರಕರ ಲಾಂಛನ ಮೂಡುತ್ತದೆ, ಬೂಟ್ ಸಾಧನ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ.
4. ಕಾರ್ಯಾಚರಣ ವ್ಯವಸ್ಥೆ ಆರಂಭವಾಗಿ ನೀಲಿ ಪರದೆಯೊಂದಿಗೆ ನಿಲ್ಲುತ್ತದೆ ಅಥವಾ ಮರಳಿ ಮರಳಿ ಆರಂಭವಾಗುತ್ತದೆ.

ಮೊದಲ ಎರಡು ಹಂತಗಳಲ್ಲಿ ಡಿಸ್ಕಿನ ಪಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಯಂತ್ರಕ್ಕೆ ವಿಂಡೋಸ್ ಮರುಸ್ಥಾಪನೆ ಪರಿಹಾರವಲ್ಲ.

ವಿದ್ಯುತ್ ಹಂತದ ದೋಷಗಳು

ಮದರ್‌ಬೋರ್ಡಿಗೆ 24 ಪಿನ್‌ಗಳ ಮುಖ್ಯ ಕೇಬಲ್ ಮತ್ತು ಪ್ರೊಸೆಸರ್‌ಗಾಗಿ 4 ಅಥವಾ 8 ಪಿನ್‌ಗಳ ಪ್ರತ್ಯೇಕ ಕೇಬಲ್ ಎರಡೂ ಬೇಕು. ಎರಡನೆಯದನ್ನು ಜೋಡಿಸಲು ಮರೆತರೆ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಪವರ್ ಗುಂಡಿಯ ಸಣ್ಣ ತಂತಿಗಳನ್ನು ಯಾವ ಪಿನ್‌ಗೆ ಸಿಕ್ಕಿಸಬೇಕೆಂಬುದು ಬೋರ್ಡಿನಿಂದ ಬೋರ್ಡಿಗೆ ಬದಲಾಗುತ್ತದೆ. ಆದ್ದರಿಂದ ಹೊಸ ಬೋರ್ಡಿನ ಕೈಪಿಡಿಯನ್ನು ನೋಡಿ ಜೋಡಿಸಬೇಕು.

ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿನಿಂದ ಎತ್ತರಿಸಿ ಹಿಡಿಯಲು ಸ್ಟ್ಯಾಂಡ್‌ಆಫ್ ಎಂಬ ಹಿತ್ತಾಳೆಯ ಗಿಡ್ಡ ಆಧಾರಗಳಿರುತ್ತವೆ. ಹಳೆಯ ಬೋರ್ಡಿಗೆ ಬೇಕಾಗಿದ್ದ ಆಧಾರವೊಂದು ಹೊಸ ಬೋರ್ಡಿನಲ್ಲಿ ತಿರುಪಿನ ರಂಧ್ರವಿಲ್ಲದ ಜಾಗದಲ್ಲಿ ಉಳಿದುಕೊಂಡರೆ ಶಾರ್ಟ್ ಸರ್ಕ್ಯೂಟ್ ಆಗಿ ಯಂತ್ರ ಆರಂಭವಾಗದಿರಬಹುದು. ಇದನ್ನು ಪರೀಕ್ಷಿಸಲು ಬೋರ್ಡನ್ನು ಹೊರತೆಗೆದು ರಟ್ಟಿನ ಮೇಲಿಟ್ಟು, ಪ್ರೊಸೆಸರ್, ಅದರ ಕೂಲರ್ ಮತ್ತು ಒಂದು ಮೆಮೊರಿ ಪಟ್ಟಿಯನ್ನಷ್ಟೇ ಜೋಡಿಸಿ ಚಾಲನೆಗೊಳಿಸುತ್ತಾರೆ. ಪ್ರತಿ ಜೋಡಣೆಗೆ ಮೊದಲು ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ವಿದ್ಯುತ್ ಸರಬರಾಜು ಘಟಕವನ್ನು ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಪ್ರಮಾಣದ ವಿದ್ಯುತ್ ಉಳಿದಿರಬಹುದು.

ಪರದೆ ಮೂಡದಿರುವಿಕೆ

ಈ ಹಂತದಲ್ಲಿ ಪರಿಶೀಲಿಸಬೇಕಾದ ಮುಖ್ಯ ಅಂಶಗಳು ಇವು:

• ಮೆಮೊರಿ: ಡಿಡಿಆರ್4 ಮತ್ತು ಡಿಡಿಆರ್5 ಪಟ್ಟಿಗಳು ಪರಸ್ಪರರ ಸ್ಲಾಟ್‌ಗಳಲ್ಲಿ ಕೂರುವುದಿಲ್ಲ. ಸರಿಯಾದ ಪಟ್ಟಿಯೂ ಎರಡೂ ತುದಿಗಳಲ್ಲಿ ಪೂರ್ತಿ ಒತ್ತಿ ಕೂತಿರಬೇಕು. ಡಿಡಿಆರ್5 ಬೋರ್ಡುಗಳು ಮೊದಲ ಬಾರಿ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಆ ಅವಧಿಯಲ್ಲಿ ಪರದೆ ಕಪ್ಪಾಗಿರುವುದು ದೋಷವಲ್ಲ.
• ಪ್ರೊಸೆಸರ್: ಸಾಕೆಟ್ ಹೊಂದಿದರೂ ಫರ್ಮ್‌ವೇರ್ ಹಳೆಯದಾಗಿದ್ದರೆ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸುವುದಿಲ್ಲ. ಎಎಮ್‌ಡಿ ಸಂಸ್ಥೆಯ ಎಎಂ4 ಸಾಕೆಟ್ ಹಲವು ಪೀಳಿಗೆಗಳ ರೈಜನ್ ಪ್ರೊಸೆಸರ್‌ಗಳಿಗೆ ಬಳಕೆಯಾದುದರಿಂದ ಈ ತೊಂದರೆ ಅದರಲ್ಲಿ ಹೆಚ್ಚಾಗಿ ಕಂಡುಬಂದಿದೆ.
• ಗ್ರಾಫಿಕ್ಸ್: ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿರುವ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅಂತರ್ಗತ ಗ್ರಾಫಿಕ್ಸ್ ಇರುವುದಿಲ್ಲ. ಅಂಥ ಯಂತ್ರದಲ್ಲಿ ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೆ ಜೋಡಿಸಿದರೆ ಚಿತ್ರ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಅಗತ್ಯ.
• ಫರ್ಮ್‌ವೇರ್ ಸಿದ್ಧತೆಗಳು: ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು, ಅಥವಾ ಕೈಪಿಡಿ ಸೂಚಿಸಿದ ಜಂಪರ್ ಬಳಸಿ ಇವನ್ನು ಮೂಲಸ್ಥಿತಿಗೆ ತರಬಹುದು.

ಅನೇಕ ಬೋರ್ಡುಗಳು ದೋಷದ ಸ್ಥಳವನ್ನು ಬೀಪ್ ಸದ್ದು ಅಥವಾ ಸಣ್ಣ ದೀಪಗಳ ಮೂಲಕ ಸೂಚಿಸುತ್ತವೆ. ಬೀಪ್‌ಗಳ ಅರ್ಥ ತಯಾರಕರಿಂದ ತಯಾರಕರಿಗೆ ಭಿನ್ನವಾಗಿರುತ್ತದೆ.

ಬೂಟ್ ಸಾಧನ ಸಿಗದಿರುವಿಕೆ

ಹಳೆಯ ಬೋರ್ಡಿನಲ್ಲಿ ಬಯೋಸ್ ಪದ್ಧತಿಯಲ್ಲಿ ವಿಂಡೋಸ್ ಸ್ಥಾಪಿಸಿದ್ದರೆ ಡಿಸ್ಕ್ ಎಂಬಿಆರ್ ಮಾದರಿಯಲ್ಲಿರುತ್ತದೆ. ಕೇವಲ ಯುಇಎಫ್‌ಐ ಪದ್ಧತಿಯಲ್ಲಿ ನಡೆಯುವ ಹೊಸ ಬೋರ್ಡು ಡಿಸ್ಕನ್ನು ಕಾಣುತ್ತದೆ, ಆದರೆ ಅದರಿಂದ ಬೂಟ್ ಮಾಡುವುದಿಲ್ಲ. ಕೆಲವು ಬೋರ್ಡುಗಳಲ್ಲಿ 'ಸಿಎಸ್‌ಎಂ' ಎಂಬ ಆಯ್ಕೆಯನ್ನು ಚಾಲೂ ಮಾಡಿ ಹಳೆಯ ಪದ್ಧತಿಯನ್ನು ಅನುಮತಿಸಬಹುದು. ಈ ಬೆಂಬಲವನ್ನು 2020ರ ವೇಳೆಗೆ ಕೈಬಿಡುವುದಾಗಿ ಇಂಟೆಲ್ 2017ರಲ್ಲಿ ಪ್ರಕಟಿಸಿತ್ತು. ಆದ್ದರಿಂದ ಇತ್ತೀಚಿನ ಅನೇಕ ಬೋರ್ಡುಗಳಲ್ಲಿ ಈ ಆಯ್ಕೆ ಸಿಗುವುದಿಲ್ಲ. ಆಗ ವಿಂಡೋಸ್ 10ರ 2017ರ ಆವೃತ್ತಿಯಿಂದ ಲಭ್ಯವಿರುವ 'ಎಂಬಿಆರ್‌ಟುಜಿಪಿಟಿ' ಸಲಕರಣೆಯು ಕಡತಗಳನ್ನು ಅಳಿಸದೆ ಡಿಸ್ಕಿನ ಮಾದರಿಯನ್ನು ಬದಲಿಸಬಲ್ಲದು. ಆದರೂ ಪರಿವರ್ತನೆಗೆ ಮೊದಲು ಪ್ರತಿ ತೆಗೆದುಕೊಳ್ಳುವುದು ಸುರಕ್ಷಿತ.

ಯುಇಎಫ್‌ಐ ಪದ್ಧತಿಯಲ್ಲಿ ಬೂಟ್ ನಮೂದುಗಳು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಸ್ಮೃತಿಯಲ್ಲಿ ಉಳಿಯುತ್ತವೆ. ಬೋರ್ಡು ಬದಲಾದಾಗ ಅವೂ ಹೋಗುತ್ತವೆ. ಹೊಸ ಬೋರ್ಡು ಡಿಸ್ಕಿನಲ್ಲಿರುವ ಪೂರ್ವನಿಯೋಜಿತ ಬೂಟ್ ಕಡತವನ್ನು ತಾನೇ ಹುಡುಕಿಕೊಳ್ಳದಿದ್ದರೆ ನಮೂದನ್ನು ಮರಳಿ ಸೃಷ್ಟಿಸಬೇಕಾಗುತ್ತದೆ. ಕೆಲವು ಲಿನಕ್ಸ್ ಸ್ಥಾಪನೆಗಳಲ್ಲಿ ಈ ತೊಂದರೆ ಕಾಣಿಸಿಕೊಳ್ಳುತ್ತದೆ.

ಕಾರ್ಯಾಚರಣ ವ್ಯವಸ್ಥೆಯ ಹಂತದ ದೋಷಗಳು

ಡಿಸ್ಕ್ ನಿಯಂತ್ರಕದ ಸಿದ್ಧತೆ ಬದಲಾದರೆ ವಿಂಡೋಸ್ ತನ್ನ ಡಿಸ್ಕನ್ನೇ ಓದಲಾಗದೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ದೋಷ ತೋರಿಸುತ್ತದೆ. ಹಳೆಯ ಬೋರ್ಡಿನಲ್ಲಿ 'ರೈಡ್' ಸಿದ್ಧತೆಯಿದ್ದು ಹೊಸದರಲ್ಲಿ 'ಎಎಚ್‌ಸಿಐ' ಇದ್ದರೆ ಹೀಗಾಗಬಹುದು. ಇಂಟೆಲ್‌ನ ಇತ್ತೀಚಿನ ಬೋರ್ಡುಗಳಲ್ಲಿರುವ 'ವಿಎಂಡಿ' ಆಯ್ಕೆಯೂ ಇದಕ್ಕೆ ಕಾರಣವಾಗಬಲ್ಲದು. ಫರ್ಮ್‌ವೇರಿನಲ್ಲಿ ಹಿಂದಿನ ಸಿದ್ಧತೆಗೆ ಮರಳುವುದು ಇಲ್ಲಿ ಮೊದಲ ಪರಿಹಾರ. ವಿಂಡೋಸ್ 10 ಮತ್ತು 11 ಹೊಸ ಯಂತ್ರಾಂಶವನ್ನು ಬಹುಮಟ್ಟಿಗೆ ತಾವೇ ಗುರುತಿಸಿಕೊಳ್ಳುತ್ತವೆ. ವಿಂಡೋಸ್ ಎಕ್ಸ್‌ಪಿ ಮತ್ತು 7ರಲ್ಲಿ ಈ ಸಾಮರ್ಥ್ಯ ಸೀಮಿತವಾಗಿತ್ತು.

ಒಇಎಂ ಮಾದರಿಯ ವಿಂಡೋಸ್ ಪರವಾನಗಿ ಮೂಲ ಮದರ್‌ಬೋರ್ಡಿಗೆ ಸೀಮಿತವಾಗಿರುವುದರಿಂದ ಬದಲಾವಣೆಯ ನಂತರ ಸಕ್ರಿಯಗೊಳಿಸುವಿಕೆ ವಿಫಲವಾಗಬಹುದು. ಇದು ಬೂಟ್ ವೈಫಲ್ಯವಲ್ಲ, ಯಂತ್ರ ಚಾಲನೆಗೊಳ್ಳುತ್ತದೆ.

ಗೂಢಲಿಪೀಕರಣ ಮತ್ತು ದತ್ತಾಂಶ ರಕ್ಷಣೆ

ಕಡತಗಳು ನಿಜವಾಗಿಯೂ ಕೈತಪ್ಪುವ ಸಂದರ್ಭ 'ಬಿಟ್‌ಲಾಕರ್' ಗೂಢಲಿಪೀಕರಣಕ್ಕೆ ಸಂಬಂಧಿಸಿದೆ. ಅದರ ಕೀಲಿಯು ಹಳೆಯ ಯಂತ್ರದ 'ಟಿಪಿಎಂ' ಭದ್ರತಾ ಘಟಕಕ್ಕೆ ಬೆಸೆದುಕೊಂಡಿರುತ್ತದೆ. ಬೋರ್ಡು ಬದಲಾದಾಗ ವಿಂಡೋಸ್ 48 ಅಂಕಿಗಳ ಮರುಪಡೆಯುವಿಕೆ ಕೀಲಿಯನ್ನು ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೂ ಕಡತಗಳನ್ನು ಓದಲಾಗದು. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಬಳಸುವ ಕೆಲವು ಯಂತ್ರಗಳಲ್ಲಿ ಗೂಢಲಿಪೀಕರಣ ಬಳಕೆದಾರರ ಗಮನಕ್ಕೆ ಬಾರದೆಯೇ ಚಾಲನೆಯಲ್ಲಿರುತ್ತದೆ. ಆಗ ಕೀಲಿ ಆ ಖಾತೆಯಲ್ಲಿ ಉಳಿದಿರುತ್ತದೆ. ಬದಲಾವಣೆಗೆ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ ಕೀಲಿಯನ್ನು ಬರೆದಿಟ್ಟುಕೊಳ್ಳುವುದು ಸರಿಯಾದ ಕ್ರಮ.

ಗೂಢಲಿಪೀಕರಣವಿಲ್ಲದ ಡಿಸ್ಕನ್ನು ಇನ್ನೊಂದು ಗಣಕಯಂತ್ರಕ್ಕೆ ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಿ, ಅಥವಾ ಪೆನ್‌ಡ್ರೈವ್‌ನಿಂದ ನಡೆಯುವ ಲಿನಕ್ಸ್ ಬಳಸಿ ಕಡತಗಳನ್ನು ನಕಲಿಸಿಕೊಳ್ಳಬಹುದು. ಮರುಸ್ಥಾಪನೆ ಅನಿವಾರ್ಯವಾದರೆ ಅದು ಈ ನಕಲಿನ ನಂತರವೇ ಆಗಬೇಕು.

ಗ್ರಾಮೀಣ ಧಾರವಾಡ ಜಿಲ್ಲೆಯ ಸಂದರ್ಭ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕು ಕೇಂದ್ರಗಳಿಗೆ ಹುಬ್ಬಳ್ಳಿಯೇ ಸಮೀಪದ ದೊಡ್ಡ ಮಾರುಕಟ್ಟೆ. ಬೋರ್ಡು ಕೊಳ್ಳಲು ಹೋಗುವಾಗ ಪ್ರೊಸೆಸರಿನ ಪೂರ್ಣ ಹೆಸರು, ಮೆಮೊರಿಯ ಮಾದರಿ ಮತ್ತು ಡಿಸ್ಕಿನ ಮಾದರಿ ಎಂಬಿಆರ್ ಅಥವಾ ಜಿಪಿಟಿಯೇ ಎಂಬುದನ್ನು ಬರೆದುಕೊಂಡು ಹೋದರೆ ಎರಡನೆಯ ಪ್ರಯಾಣ ತಪ್ಪಬಹುದು. ಫರ್ಮ್‌ವೇರ್ ನವೀಕರಣದ ಮಧ್ಯೆ ವಿದ್ಯುತ್ ಹೋದರೆ ಬೋರ್ಡೇ ನಿಷ್ಕ್ರಿಯವಾಗಬಹುದಾದ್ದರಿಂದ ಆ ಕೆಲಸವನ್ನು ಯುಪಿಎಸ್ ಇರುವಲ್ಲಿ ಮಾಡುವುದು ಉಚಿತ. ಪ್ಲಗ್ ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್‌ಗಳ ಸಾಕೆಟ್ಟಿನಲ್ಲಿರಬೇಕು. ಎರೆಮಣ್ಣಿನ ಸೀಮೆಯ ಧೂಳು ಹಳೆಯ ಮೆಮೊರಿ ಪಟ್ಟಿಗಳ ಮೇಲೆ ಕೂತಿದ್ದರೆ ಒಣ ಬ್ರಷ್‌ನಿಂದ ತೆಗೆದು ಜೋಡಿಸಬೇಕು.

ಯಾವ ದತ್ತಾಂಶ ಎಲ್ಲಿದೆ ಎಂಬುದೂ ಮುಖ್ಯ. 'ಭೂಮಿ' ಯೋಜನೆಯ ಪಹಣಿ ದಾಖಲೆಗಳು ಸರ್ಕಾರದ ಸರ್ವರ್‌ಗಳಲ್ಲಿರುತ್ತವೆ. ಅವುಗಳನ್ನು ಮುದ್ರಿಸಿಕೊಡುವ ಕೇಂದ್ರದ ಗಣಕಯಂತ್ರ ನಿಂತರೂ ದಾಖಲೆ ನಷ್ಟವಾಗುವುದಿಲ್ಲ. ಆದರೆ ಡಿಟಿಪಿ ಅಂಗಡಿಯ ಲಗ್ನಪತ್ರಿಕೆಗಳ ವಿನ್ಯಾಸ, ಶಿಕ್ಷಕರು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಸಾಮಾನ್ಯವಾಗಿ ಆ ಒಂದೇ ಡಿಸ್ಕಿನಲ್ಲಿರುತ್ತವೆ.

ಕನ್ನಡ ಕಡತಗಳಿಗೆ ಇನ್ನೊಂದು ತೊಡಕಿದೆ. 'ಬರಹ' ಹಾಗೂ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶಗಳ ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪಿಸಿದ ಹಳೆಯ ಪಠ್ಯವು, ಆಯಾ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಮರುಸ್ಥಾಪನೆಯ ಬಳಿಕ ಹೀಗೆ ಕಂಡ ಕಡತ ಕೆಟ್ಟಿದೆ ಎಂದು ಭಾವಿಸಿ ಅಳಿಸಬಾರದು. ಫಾಂಟನ್ನು ಮರಳಿ ಅಳವಡಿಸಿದರೆ ಪಠ್ಯ ಓದಲು ಸಿಗುತ್ತದೆ. ಈ ಕಾರಣದಿಂದ ಪ್ರತಿ ತೆಗೆಯುವಾಗ ಕಡತಗಳ ಜೊತೆಗೆ ಫಾಂಟ್‌ಗಳನ್ನೂ ನಕಲಿಸಿಕೊಳ್ಳಬೇಕು.

ಇವನ್ನೂ ನೋಡಿ

• ಮದರ್‌ಬೋರ್ಡ್
• ಬಯೋಸ್
• ಕಾರ್ಯಾಚರಣ ವ್ಯವಸ್ಥೆ
• ನುಡಿ (ತಂತ್ರಾಂಶ)
• ಯುನಿಕೋಡ್