ಮನೆಯ ಧ್ವನಿಮುದ್ರಣದಲ್ಲಿ ಎಕೋ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ

ಎಕೋ ಎಂದರೆ ಹಾಡುವ ದನಿಗೆ ಯಂತ್ರದ ಮೂಲಕ ಕೂಡಿಸುವ ಮಾರ್ದನಿ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮೈಕಿನವರ ಬಾಯಲ್ಲಿ ಇದು ಒಂದೇ ಪದ. ಆದರೆ ಅದರ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಸುಮಾರು 17 ಮೀಟರ್ ದೂರದ ಬಂಡೆಗೆ ಬಡಿದ ಕೂಗು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ, ಮೂಲದಿಂದ ಬಿಡಿಯಾಗಿ ಕೇಳುತ್ತದೆ. ಅದು ಪ್ರತಿಧ್ವನಿ, ಯಂತ್ರದ ಭಾಷೆಯಲ್ಲಿ ಡಿಲೇ. ಗುಮ್ಮಟದೊಳಗೆ ಸಾವಿರ ಪ್ರತಿಫಲನಗಳು ಒಂದರ ಮೇಲೊಂದು ಬಿದ್ದು ಬಿಡಿಸಲಾಗದಂತೆ ಬೆರೆತಾಗ ಆಗುವುದು ಅನುರಣನ, ಅಂದರೆ ರಿವರ್ಬ್. ರಿವರ್ಬ್ ದನಿಗೆ ಒಂದು ಜಾಗ ಕೊಡುತ್ತದೆ, ಡಿಲೇ ಅದೇ ದನಿಗೆ ಒಬ್ಬ ಜೊತೆಗಾರನನ್ನು ಕೊಡುತ್ತದೆ. ಮನೆಯ ಕೋಣೆಯಲ್ಲಿ ಮುದ್ರಣವಾಗುವ ಈ ಸೀಮೆಯ ಜಾನಪದ ಶೈಲಿಯ ಹಾಡುಗಳಲ್ಲಿ ಎಕೋ ಇಷ್ಟು ಬಳಕೆಯಾಗಲು ಸಿನಿಮಾದ ಮೋಹವಷ್ಟೇ ಕಾರಣವಲ್ಲ. ಒಂಟಿ ಹಾಡುಗಾರ ಕಳೆದುಕೊಂಡ ಹಿಮ್ಮೇಳದ ಜಾಗವನ್ನು ಅದು ತುಂಬುತ್ತದೆ. ಅದರ ಚರಿತ್ರೆಯನ್ನು ಹಾಗೆ ಓದಿದರೆ ಹೆಚ್ಚು ಅರ್ಥವಾಗುತ್ತದೆ.

ಇಲ್ಲಿನ ಹಾಡಿಕೆ ಹುಟ್ಟಿದ್ದೇ ಬಯಲಿನಲ್ಲಿ. ಗೀಗೀ ಪದದಲ್ಲಿ ಮುಂದಿನವನು ಸಾಲು ಮುಗಿಸುವ ಹೊತ್ತಿಗೆ ಹಿಮ್ಮೇಳದವರು ಅದರ ಬಾಲ ಹಿಡಿದು ‘ಗೀ ಗೀ’ ಎಂದು ಎಳೆಯುತ್ತಾರೆ. ಅವನು ಉಸಿರು ತೆಗೆದುಕೊಳ್ಳುವಷ್ಟು ಕಾಲ ದಪ್ಪು ತುಂತುಣಿಗಳ ಜೊತೆ ಸ್ವರ ನಿಂತಿರುತ್ತದೆ. ಡೊಳ್ಳಿನ ಪದ, ಭಜನೆಗಳಲ್ಲೂ ಎತ್ತಿಕೊಡುವವನೊಬ್ಬ, ತಿರುಗಿ ಹಾಡುವವರು ಹಲವರು. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದ ಕುಲಗೋಡ ತಮ್ಮಣ್ಣನೂ, ಆ ಆಟಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮನೂ ಇದೇ ಗೋಕಾಕ ನಾಡಿನವರು. ಪಾರಿಜಾತದಲ್ಲೂ ಪಾತ್ರದ ಹಾಡಿಗೆ ಹಿಮ್ಮೇಳದ ಆಸರೆ ಇದ್ದೇ ಇರುತ್ತದೆ. ಬಯಲಿನಲ್ಲಿ ಗೋಡೆಯೂ ಇಲ್ಲ, ಮಾಳಿಗೆಯೂ ಇಲ್ಲ; ಆದ್ದರಿಂದ ಅನುರಣನ ಇಲ್ಲವೆಂದೇ ಹೇಳಬೇಕು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ, ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವ ಕಣಿವೆಯಿದೆ. ಈ ಸೀಮೆಯ ಎಕೋಗೆ ಅವನ್ನೇ ಮೂಲವೆನ್ನಲು ಆಸೆಯಾಗುತ್ತದೆ, ಆದರೆ ಗುಮ್ಮಟ ಪದ ಹಾಡುವ ಜಾಗವಲ್ಲ. ಜಲಪಾತ ತುಂಬಿ ಹರಿಯುವಾಗ ಅದರ ಮುಂದೆ ನಿಂತವನಿಗೆ ಪಕ್ಕದವನ ಮಾತೇ ಕೇಳುವುದಿಲ್ಲ. ಇಲ್ಲಿ ದನಿ ಮರಳಿ ಬರುತ್ತಿದ್ದುದು ಹಿಂದೆ ನಿಂತ ಮನುಷ್ಯರ ಬಾಯಿಂದ.

ಧ್ವನಿಮುದ್ರಣ ಬಂದಾಗ ಮೊದಲು ಹೋದದ್ದು ಈ ಸುತ್ತಲಿನ ದನಿ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ಮುದ್ರಣಯಂತ್ರದ ಕೊಂಬಿನೊಳಕ್ಕೆ. ಹತ್ತಿರದಿಂದ ಕೂಗಿ ಹಾಡಿದ್ದಷ್ಟೇ ಅದರಲ್ಲಿ ದಾಖಲಾಗುತ್ತಿತ್ತು. 1925ರ ಹೊತ್ತಿಗೆ ವಿದ್ಯುತ್ ಮೈಕು ಬಂದು ಕೋಣೆಯ ಸದ್ದೂ ಕೇಳಿಸತೊಡಗಿತು. ಆಗಲೇ ಕೋಣೆಯನ್ನು ಬೇಕಾದಂತೆ ಮಾಡಿಕೊಳ್ಳುವ ಯೋಚನೆ ಶುರುವಾಯಿತು. 1947ರಲ್ಲಿ ಶಿಕಾಗೋದ ಧ್ವನಿಮುದ್ರಕ ಬಿಲ್ ಪುಟ್ನಮ್ ಬಚ್ಚಲುಮನೆಯಲ್ಲಿ ಸ್ಪೀಕರು, ಮೈಕು ಇಟ್ಟು ಮಾರ್ದನಿ ಹಿಡಿದ. 1949ರ ‘ಮಹಲ್’ ಚಿತ್ರಕ್ಕೆ ಹಾಡುವಾಗ ಲತಾ ಮಂಗೇಶ್ಕರ್ ಕೋಣೆಯ ಮೂಲೆಯಿಂದ ಮೈಕಿನತ್ತ ನಡೆದು ಬರುತ್ತಾ ಹಾಡಿದರೆಂಬುದು ಪ್ರಸಿದ್ಧ. ದೂರದ ಭಾಸಕ್ಕೆ ಆಗ ಕಾಲುಗಳೇ ಯಂತ್ರ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ದೊಡ್ಡ ಉಕ್ಕಿನ ತಗಡನ್ನು ತೂಗುಹಾಕಿ, ಅದನ್ನು ನಡುಗಿಸಿ ರಿವರ್ಬ್ ಹುಟ್ಟಿಸಿತು. 1962ರಲ್ಲಿ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಅದನ್ನು ಬರೀ ಲೆಕ್ಕದಿಂದ ಹುಟ್ಟಿಸಬಹುದೆಂದು ತೋರಿಸಿದರು. ಆ ಲೆಕ್ಕ ಮಾಡುವ ಡಿಜಿಟಲ್ ಯಂತ್ರ, ಇಎಂಟಿ 250, ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಇವೆಲ್ಲ ಮುಂಬಯಿ, ಮದರಾಸಿನಂಥ ಊರುಗಳ ದೊಡ್ಡ ಸ್ಟುಡಿಯೋಗಳ ಮಾತು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಈ ಸೀಮೆಯ ಕಿವಿಗೆ ಕಲಿಸಿದ್ದು ಇದಕ್ಕೆ ವಿರುದ್ಧವಾದ ರುಚಿ: ಹತ್ತಿರದ, ಒಣ, ಸ್ಪಷ್ಟ ದನಿ.

ಹಾಗಾಗಿ ಎಕೋ ಗೋಕಾಕ ಸೀಮೆಗೆ ಇಳಿದದ್ದು ಜಾತ್ರೆಯ ಮೈಕ್ ಸೆಟ್ಟಿನ ಮೂಲಕವೆನ್ನುವುದೇ ಸರಿ. ಕ್ಯಾಸೆಟ್ ಕಾಲ ಮುಗಿಯುವಷ್ಟರಲ್ಲಿ ಆಂಪ್ಲಿಫಯರಿನ ಮುಖದ ಮೇಲೆ ಎಕೋದ ತಿರುಪು ಮಾಮೂಲಾಗಿತ್ತು. ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ತೈವಾನಿನ ಪಿಟಿ2399 ಎಂಬ ಚಿಪ್ಪು. ಅದು ದನಿಯನ್ನು ಸುಮಾರು 340 ಮಿಲಿಸೆಕೆಂಡಿನ ತನಕ ಹಿಡಿದಿಟ್ಟು ಬಿಡುತ್ತದೆ. ಹೆಚ್ಚು ಹೊತ್ತು ಹಿಡಿಸಿದಷ್ಟೂ ಕರಕರ ಸದ್ದು ಹೆಚ್ಚು. ಪ್ರತಿ ಸುತ್ತಿಗೂ ದನಿಯ ಚೂಪು ಸವೆದು, ಮೂರನೆಯ ಮಾರ್ದನಿ ಗೋಣಿಚೀಲದೊಳಗಿಂದ ಬಂದಂತೆ ಮಬ್ಬಾಗಿರುತ್ತದೆ. ಮೈಕಿನವ ‘ಹಲೋ ಚೆಕ್’ ಎಂದು ಪರೀಕ್ಷಿಸುವಾಗ ‘ಚೆಕ್’ ನಾಲ್ಕು ಸಲ ಉರುಳಿ ಹೋಗುವುದು ಇದರಿಂದಲೇ. ಜಾಗದ ಭಾಸ ಅದರಲ್ಲಿ ಚೂರೂ ಇರಲಿಲ್ಲ. ಇದ್ದದ್ದು ಪುನರಾವರ್ತನೆ ಮಾತ್ರ. ಸ್ಟುಡಿಯೋದವರು ನಕ್ಕುಬಿಡುವ ಈ ಸದ್ದೇ ಒಂದು ತಲೆಮಾರಿಗೆ ‘ಮೈಕಿನ ಹಾಡು’ ಎಂಬುದರ ಗುರುತಾಯಿತು. ಆಮೇಲೆ ಆಡಾಸಿಟಿ (2000), ರೀಪರ್ (2006), ಎಫ್‌ಎಲ್ ಸ್ಟುಡಿಯೋಗಳಂಥ ತಂತ್ರಾಂಶಗಳು ಕಂಪ್ಯೂಟರಿಗೆ ಬಂದವು. ವಾದ್ಯಗಳ ಟ್ರ್ಯಾಕ್ ಒಬ್ಬ ಮಾಡುವುದು, ಅದರ ಮೇಲೆ ಇನ್ನೊಬ್ಬ ಬಂದು ಹಾಡಿಹೋಗುವುದು ರೂಢಿಯಾಯಿತು. ಹಿಮ್ಮೇಳ ಪೂರ್ತಿಯಾಗಿ ಮಾಯವಾದದ್ದು ಈ ಹಂತದಲ್ಲಿ, ಎಕೋ ಪೂರ್ತಿಯಾಗಿ ಒಳಬಂದದ್ದೂ ಇದೇ ಹಂತದಲ್ಲಿ. ಇದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ.

ಮನೆಯ ಕೋಣೆಗೆ ತನ್ನದೇ ರಿವರ್ಬ್ ಇರುತ್ತದಲ್ಲ, ಅದು ಸಾಲದೇ ಎಂದು ಕೇಳಬಹುದು. ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ಕಟ್ಟಿಕೊಟ್ಟ ಅನುರಣನದ ಸೂತ್ರದಲ್ಲಿ ಲೆಕ್ಕ ಹಾಕೋಣ. ಮೂರೂವರೆ ಮೀಟರ್ ಉದ್ದ, ಮೂರು ಮೀಟರ್ ಅಗಲ, ಅಷ್ಟೇ ಎತ್ತರದ ಬರೀ ಸಿಮೆಂಟಿನ ಕೋಣೆ. ಗೋಡೆಗಳು ದನಿಯ ನೂರಕ್ಕೆ ಮೂರು ಪಾಲು ಹೀರುತ್ತವೆ ಎಂದುಕೊಂಡರೆ ಸದ್ದು ಅಡಗಲು ಸುಮಾರು 2.8 ಸೆಕೆಂಡು ಬೇಕು. ಅದು ಗುಡಿಯ ಗಂಭೀರ ಅನುರಣನವಲ್ಲ. ಖಾಲಿ ಡಬ್ಬಿಯೊಳಗಿನ ಗುಂಯ್‌ಗುಡುವಿಕೆ. ಹದಿನೈದು ಚದರ ಮೀಟರಿನಷ್ಟು ಕೌದಿ ತೂಗುಬಿಟ್ಟು, ಅದು ಅರ್ಧ ದನಿ ಹೀರುತ್ತದೆಂದು ಹಿಡಿದರೆ ಅದೇ ಕೋಣೆ 0.6 ಸೆಕೆಂಡಿಗಿಂತ ಕೆಳಗಿಳಿಯುತ್ತದೆ. ಕೋಣೆಯ ಗುಂಯ್ ಒಮ್ಮೆ ಮುದ್ರಣವಾದರೆ ತೆಗೆಯುವುದು ಕಷ್ಟ, ಒಣ ದನಿಗೆ ಮಾತ್ರ ಆಮೇಲೆ ಏನನ್ನಾದರೂ ಸೇರಿಸಬಹುದು. ಕೌದಿಯ ಮುಂದೆ ಹಾಡಿಸುವವರು ಮಾಡುವುದು ಇದನ್ನೇ. ಆದರೆ ಹಾಗೆ ಒಣಗಿಸಿದ ದನಿ ಟ್ರ್ಯಾಕಿನ ಮೇಲೆ ಅಂಟಿಸಿದ ಚೀಟಿಯಂತೆ ಬೇರೆಯಾಗಿ ನಿಲ್ಲುತ್ತದೆ.

ಸೇರಿಸುವುದಾದರೆ ಯಾವುದನ್ನು? ಇಲ್ಲಿ ಕನ್ನಡದ ಉಚ್ಚಾರವೇ ಸಾಕ್ಷಿ ಹೇಳುತ್ತದೆ. ‘ಕತೆ’ ಮತ್ತು ‘ಕತ್ತೆ’ಯ ನಡುವೆ ಇರುವ ವ್ಯತ್ಯಾಸ ನಾಲಿಗೆ ಹಲ್ಲಿಗೆ ಒತ್ತಿ ನಿಲ್ಲುವ ಒಂದು ಕ್ಷಣದ ಮೌನ. ದೀರ್ಘ ರಿವರ್ಬ್ ಮೊದಲು ತುಂಬುವುದು ಆ ಮೌನವನ್ನೇ. ಒತ್ತಕ್ಷರ ಸಡಿಲವಾಗಿ ಮಾತು ಕಲಸಿಹೋಗುತ್ತದೆ. ಮಾತೇ ಮುಖ್ಯವಾದ, ಪ್ರಾಸದ ಮೇಲೆ ನಿಂತ ಪದಗಳಿಗೆ ಅದು ದೊಡ್ಡ ನಷ್ಟ. ಡಿಲೇ ಹಾಗಲ್ಲ, ಕಾಲ ಸರಿಯಾಗಿಟ್ಟರೆ ಮಾತು ಮುಗಿದ ಮೇಲೆ ಬರುತ್ತದೆ. ನಿಮಿಷಕ್ಕೆ ನೂರು ಪೆಟ್ಟಿನ ತಾಳದಲ್ಲಿ ಒಂದು ಪೆಟ್ಟಿಗೆ 600 ಮಿಲಿಸೆಕೆಂಡು. ಜಾತ್ರೆಯ ಚಿಪ್ಪಿಗೆ ಅಷ್ಟು ಹೊತ್ತು ಹಿಡಿದಿಡಲು ಬರುತ್ತಿರಲಿಲ್ಲ, ಕಂಪ್ಯೂಟರಿಗೆ ಬರುತ್ತದೆ. ಆಗ ಮಾರ್ದನಿ ತಾಳದ ಮೇಲೆಯೇ ಬೀಳುತ್ತದೆ. ರಿವರ್ಬ್ ಬೇಕಾದರೆ ಅದನ್ನು ಮೂವತ್ತು ನಲವತ್ತು ಮಿಲಿಸೆಕೆಂಡು ತಡಮಾಡಿ, ಕೆಳಗಿನ ದಪ್ಪ ಸ್ವರಗಳನ್ನು ಸೋಸಿ, ತೆಳ್ಳಗೆ ಹಾಕಿದರೆ ಅಕ್ಷರ ಉಳಿಯುತ್ತದೆ.

ಬೇಸೂರನ್ನು ಮುಚ್ಚಲು ಎಕೋ ಹಾಕುತ್ತಾರೆಂಬ ಆಕ್ಷೇಪಣೆ ಹಳೆಯದು. ರಿವರ್ಬಿನ ಮಟ್ಟಿಗೆ ಅದರಲ್ಲಿ ನಿಜವಿದೆ; ಸ್ವರದ ಅಂಚು ಕರಗಿದಾಗ ಸಣ್ಣ ತಪ್ಪು ಕಾಣದು. ಡಿಲೇ ಮಾತ್ರ ತಪ್ಪನ್ನು ಮೂರು ಸಲ ಸಾರಿ ಹೇಳುತ್ತದೆ, ಅದೂ ಮುಂದಿನ ಸ್ವರದ ಮೇಲೆಯೇ. ಬೇಸೂರು ತಿದ್ದಲು 1997ರಿಂದಲೇ ಆಟೋಟ್ಯೂನ್ ಎಂಬ ತಂತ್ರಾಂಶ ಇದೆ. ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಹಿಮ್ಮೇಳವೆಂದರೆ ಮನುಷ್ಯರು, ಮುಂದಿನವನು ಸಾಲು ಮರೆತರೆ ನೆನಪಿಸುತ್ತಾರೆ, ಹುರುಪೇರಿದರೆ ಸ್ವರ ಏರಿಸುತ್ತಾರೆ. ಯಂತ್ರಕ್ಕೆ ಮರಳಿಸಲು ಬರುತ್ತದೆ, ಉತ್ತರಿಸಲು ಬರುವುದಿಲ್ಲ. ಇದನ್ನು ಒಪ್ಪಲೇಬೇಕು. ಆದರೆ ಇಡೀ ಸಾಲಿಗೆ ಎಕೋ ಸುರಿಯುವವನ ಕೆಲಸಕ್ಕೂ, ಸಾಲಿನ ಕೊನೆಯ ಪದವನ್ನಷ್ಟೇ ಕತ್ತರಿಸಿ ಬೇರೆ ಟ್ರ್ಯಾಕಿಗೆ ಹಾಕಿ ಅದಕ್ಕೆ ಮಾತ್ರ ಡಿಲೇ ಕೊಡುವವನ ಕೆಲಸಕ್ಕೂ ವ್ಯತ್ಯಾಸವಿದೆ. ಎರಡನೆಯವನು ಯಾವ ಪದ ತಿರುಗಿ ಬರಬೇಕು, ಎಷ್ಟು ಸಲ ಬರಬೇಕು, ಮುಂದಿನ ಸಾಲು ಎತ್ತುವ ಮುಂಚೆ ಎಲ್ಲಿ ಅಡಗಬೇಕು ಎಂದು ಮೌಸ್ ಹಿಡಿದು ಒಂದೊಂದಾಗಿ ಗೊತ್ತುಮಾಡುತ್ತಾನೆ.