ಸ್ಪೋಕನ್ ಇಂಗ್ಲಿಷ್ ಸ್ವಯಂಕಲಿಕೆ: ಫೋನೋಗ್ರಾಫ್‌ನಿಂದ ಕಂಪ್ಯೂಟರ್‌ವರೆಗೆ

ಧ್ವನಿಮುದ್ರಿತ ಮಾತನ್ನು ಮತ್ತೆ ಮತ್ತೆ ಕೇಳಿ, ಅದರಂತೆ ನುಡಿದು, ತನ್ನ ನುಡಿಯನ್ನು ಮೂಲಕ್ಕೆ ಹೋಲಿಸಿ ತಿದ್ದಿಕೊಳ್ಳುತ್ತ ಮೇಷ್ಟರ ನೆರವಿಲ್ಲದೆ ಇಂಗ್ಲಿಷ್ ಮಾತನಾಡಲು ಕಲಿಯುವ ಪದ್ಧತಿ. ಫೋನೋಗ್ರಾಫ್, ಗ್ರಾಮೊಫೋನ್, ರೇಡಿಯೊ, ಟೇಪ್ ರೆಕಾರ್ಡರ್‌ಗಳು ಇದರ ಹಳೆಯ ಸಾಧನಗಳು. 1960ರ ದಶಕದಿಂದ ಕಂಪ್ಯೂಟರ್, ಈಚೆಗೆ ಮೊಬೈಲ್ ಫೋನ್ ಆ ಜಾಗಕ್ಕೆ ಬಂದಿವೆ. ಈ ಪದ್ಧತಿಯ ಇತಿಹಾಸದ ಉದ್ದಕ್ಕೂ ಎರಡು ಪ್ರಶ್ನೆಗಳಿವೆ. ಒಂದು ಮಾತನ್ನು ಯಾವಾಗ, ಎಷ್ಟು ಸಲ ಕೇಳಬೇಕೆಂಬ ಹಿಡಿತ ಯಾರ ಕೈಯಲ್ಲಿರುತ್ತದೆ? ಕಲಿಯುವವರು ಆಡಿದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಮೊದಲನೆಯದನ್ನು ಯಂತ್ರಗಳು ಬೇಗ ಬಗೆಹರಿಸಿದವು. ಎರಡನೆಯದಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಶಾಲೆಗಳಲ್ಲಿ ಪರಭಾಷೆಯನ್ನು ಕಲಿಸುತ್ತಿದ್ದುದು ವ್ಯಾಕರಣದ ನಿಯಮ ಮತ್ತು ಅನುವಾದಗಳ ಮೂಲಕ. ಓದಲು ಬಲ್ಲವರಿಗೂ ಮಾತು ಬರುತ್ತಿರಲಿಲ್ಲ. ಜರ್ಮನಿಯ ವಿಲ್ಹೆಲ್ಮ್ ಫಿಯೆಟರ್ 1882ರಲ್ಲಿ ಪ್ರಕಟಿಸಿದ ಕಿರುಹೊತ್ತಗೆ ಈ ಕ್ರಮವನ್ನು ಖಂಡಿಸಿ, ಭಾಷೆಯ ಕಲಿಕೆ ಧ್ವನಿಯಿಂದ ಶುರುವಾಗಬೇಕೆಂದು ವಾದಿಸಿತು. ಫ್ರಾನ್ಸಿನ ಪಾಲ್ ಪಾಸಿ ಮತ್ತವರ ಸಂಗಡಿಗರು 1886ರಲ್ಲಿ ಕಟ್ಟಿದ ಸಂಘವೇ ಮುಂದೆ ಅಂತರರಾಷ್ಟ್ರೀಯ ಧ್ವನಿಶಾಸ್ತ್ರ ಸಂಘವಾಯಿತು. ಇಂಗ್ಲೆಂಡಿನಲ್ಲಿ ಹೆನ್ರಿ ಸ್ವೀಟ್, ಅವರ ಬಳಿಕ ಡೇನಿಯಲ್ ಜೋನ್ಸ್ ಉಚ್ಚಾರಣೆಯ ಅಧ್ಯಯನಕ್ಕೆ ಭದ್ರ ಬುನಾದಿ ಹಾಕಿದರು. ಜೋನ್ಸ್ ಅವರ ಇಂಗ್ಲಿಷ್ ಉಚ್ಚಾರಣಾ ನಿಘಂಟು 1917ರಲ್ಲಿ ಬಂತು. ಆದರೆ ಧ್ವನಿಲಿಪಿಯನ್ನು ಎಷ್ಟೇ ಓದಿದರೂ ಕಿವಿಗೆ ಏನೂ ಬೀಳುವುದಿಲ್ಲ. ಆ ಕೊರತೆಯನ್ನು ತುಂಬುವ ಯಂತ್ರ ಅಷ್ಟರಲ್ಲಾಗಲೇ ಹುಟ್ಟಿತ್ತು.

ಫೋನೋಗ್ರಾಫ್ ಮತ್ತು ತಟ್ಟೆಗಳ ಕಾಲ

ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಫೋನೋಗ್ರಾಫ್ ರೂಪಿಸಿದ. ಮರುವರ್ಷ ಬರೆದ ಲೇಖನದಲ್ಲಿ ಅದರ ಉಪಯೋಗಗಳನ್ನು ಪಟ್ಟಿ ಮಾಡುವಾಗ ಸಂಗೀತದ ಜೊತೆಗೆ ವಾಚನ ಶಿಕ್ಷಣ, ಪಾಠ ಹೇಳಿಕೊಡುವುದು, ಭಾಷೆಗಳ ಉಚ್ಚಾರಣೆಯನ್ನು ಕಾಪಿಡುವುದು ಇವನ್ನೂ ಸೇರಿಸಿದ್ದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಊರಿನ ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ ಮೇಣದ ಉರುಳೆಗಳಲ್ಲಿ ಭಾಷಾಪಾಠ ಮುದ್ರಿಸಿ ಅಂಚೆಯಲ್ಲಿ ಕಳಿಸುತ್ತಿತ್ತು. ಉರುಳೆಗೆ ಒಂದು ವಿಶೇಷ ಗುಣವಿತ್ತು: ಮನೆಯಲ್ಲೇ ಅದರ ಮೇಲೆ ಧ್ವನಿ ಮುದ್ರಿಸಬಹುದಿತ್ತು. ವಿದ್ಯಾರ್ಥಿ ತನ್ನ ಮಾತನ್ನು ಖಾಲಿ ಉರುಳೆಯ ಮೇಲೆ ಮುದ್ರಿಸಿ ಶಾಲೆಗೆ ಕಳಿಸಿದರೆ, ಅಲ್ಲಿ ಕೇಳಿ ತಪ್ಪು ತಿದ್ದುತ್ತಿದ್ದರು.

ಲಂಡನ್ನಿನಲ್ಲಿ ಜಾಕ್ ರೋಸ್ಟನ್ 1901ರಲ್ಲಿ ಸ್ಥಾಪಿಸಿದ ಲಿಂಗ್ವಾಫೋನ್ ಈ ವ್ಯವಹಾರವನ್ನು ಜಗತ್ತಿನ ತುಂಬ ಹಬ್ಬಿಸಿತು. ಚಿತ್ರಗಳಿರುವ ಪುಸ್ತಕ, ಅದರ ಜೊತೆಗೆ ಗ್ರಾಮೊಫೋನ್ ತಟ್ಟೆಗಳು. ಮೊದಲು ಕೇಳುವುದು, ಬಳಿಕ ಪುಸ್ತಕ ನೋಡುತ್ತ ಕೇಳುವುದು, ಕೊನೆಗೆ ತಾನೂ ನುಡಿಯುವುದು. ತಟ್ಟೆಗಳು ಅಗ್ಗ, ಬಾಳಿಕೆ ಹೆಚ್ಚು. ಆದರೆ ಅವುಗಳ ಮೇಲೆ ಕಲಿಯುವವರು ತಮ್ಮ ಧ್ವನಿಯನ್ನು ಮುದ್ರಿಸುವಂತಿರಲಿಲ್ಲ. ಉರುಳೆ ಹೋಗಿ ತಟ್ಟೆ ಬಂದಾಗ ಯಂತ್ರಕ್ಕೆ ಬಾಯಿ ಉಳಿಯಿತು, ಕಿವಿ ಹೋಯಿತು.

ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ 1927ರಲ್ಲಿ ಲಿಂಗ್ವಾಫೋನ್‌ಗೆ ನೀಡಿದ ಭಾಷಣದ ಮುದ್ರಣ ಈ ಕಾಲದ ಸ್ವಾರಸ್ಯಕರ ದಾಖಲೆ. ಆಗಿನ ಗ್ರಾಮೊಫೋನ್‌ಗಳ ವೇಗ ಹೆಚ್ಚುಕಡಿಮೆಯಾಗುತ್ತಿತ್ತು. ತಪ್ಪು ವೇಗದಲ್ಲಿ ತಟ್ಟೆ ತಿರುಗಿದರೆ ಕೇಳಿಸುವುದು ತನ್ನ ಧ್ವನಿಯೇ ಅಲ್ಲವೆಂದು ಎಚ್ಚರಿಸಿದ ಷಾ, ವೇಗವನ್ನು ಹೇಗೆ ಸರಿಹೊಂದಿಸಿಕೊಳ್ಳಬೇಕೆಂದು ಕೇಳುಗರಿಗೆ ವಿವರಿಸುತ್ತಾನೆ. ಆದರ್ಶವಾದ ಒಂದೇ ಸರಿ ಇಂಗ್ಲಿಷ್ ಎಂಬುದಿಲ್ಲ, ಪರದೇಶದಲ್ಲಿ ಅತಿ ಶುದ್ಧವಾಗಿ ಮಾತನಾಡಲು ಹೊರಟರೆ ಕೆಲಸ ಕೆಡುತ್ತದೆ ಎಂಬುದು ಅವನ ವಾದ. ಉಚ್ಚಾರಣೆಯ ಪಾಠ ಮಾರುವ ಸಂಸ್ಥೆಯ ತಟ್ಟೆಯಲ್ಲೇ ಈ ಮಾತು ಮುದ್ರಣಗೊಂಡಿದೆ.

ರೇಡಿಯೊ ಪಾಠಗಳು

ಬಿಬಿಸಿ 1943ರಲ್ಲಿ ಬಾನುಲಿಯ ಮೂಲಕ ಇಂಗ್ಲಿಷ್ ಕಲಿಸಲು ಆರಂಭಿಸಿತು. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಎಂಬ ಪ್ರಸಾರ ತಂದಿತು. ಸುಮಾರು 1,500 ಪದಗಳ ಶಬ್ದಭಂಡಾರ, ಗಿಡ್ಡ ವಾಕ್ಯಗಳು, ಮಾಮೂಲಿಗಿಂತ ನಿಧಾನವಾದ ಓದು ಅದರ ಲಕ್ಷಣಗಳು. ಕಲಿಯುವವರಿಗಾಗಿ ಮಾತಿನ ವೇಗವನ್ನೇ ತಗ್ಗಿಸುವ ಈ ಕ್ರಮವನ್ನು ಮುಂದೆ ಅನೇಕರು ಅನುಸರಿಸಿದರು. ರೇಡಿಯೊ ಲಕ್ಷಾಂತರ ಜನರನ್ನು ತಲುಪಿತಾದರೂ ಅದರ ಪಾಠ ಒಮ್ಮೆ ಹೋದರೆ ಹೋಯಿತು. ತಪ್ಪಿಸಿಕೊಂಡ ವಾಕ್ಯವನ್ನು ಮತ್ತೆ ಕೇಳುವ ಅವಕಾಶ ಇರಲಿಲ್ಲ.

ಭಾಷಾ ಪ್ರಯೋಗಾಲಯ

ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ಸೇನೆ ಕಡಿಮೆ ಅವಧಿಯಲ್ಲಿ ಹಲವು ಭಾಷೆಗಳ ಮಾತುಗಾರರನ್ನು ತಯಾರುಮಾಡಬೇಕಾಯಿತು. ತೀವ್ರ ಆಲಿಸುವಿಕೆ ಮತ್ತು ಪುನರುಚ್ಚಾರದ ಆ ತರಬೇತಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫ್ರೈಸ್ ನಡೆಸುತ್ತಿದ್ದ ಇಂಗ್ಲಿಷ್ ಬೋಧನೆ, ಇವುಗಳಿಂದ ಶ್ರವಣ-ಭಾಷಣ ಪದ್ಧತಿ ರೂಪುಗೊಂಡಿತು. ಭಾಷೆ ಎಂದರೆ ಅಭ್ಯಾಸಬಲ, ಒಂದೇ ವಾಕ್ಯಮಾದರಿಯನ್ನು ನೂರು ಸಲ ಹೇಳಿದರೆ ನಾಲಿಗೆಗೆ ಕೂರುತ್ತದೆ ಎಂಬುದು ಅದರ ನಂಬಿಕೆ. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮರುವರ್ಷ ಅಮೆರಿಕ ತಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯ ಹಣದಿಂದ ಅಲ್ಲಿನ ಶಾಲೆ ಕಾಲೇಜುಗಳಲ್ಲಿ ಭಾಷಾ ಪ್ರಯೋಗಾಲಯಗಳು ಸಾಲುಸಾಲಾಗಿ ತಲೆಯೆತ್ತಿದವು.

ಈ ಪ್ರಯೋಗಾಲಯದ ಜೀವಾಳ ಎರಡು ಪಥಗಳ ಟೇಪು. ಒಂದು ಪಥದಲ್ಲಿ ಅಳಿಸಲಾಗದ ಮೂಲಪಾಠ, ಇನ್ನೊಂದು ಖಾಲಿ. ಹೆಡ್‌ಫೋನ್ ತೊಟ್ಟ ವಿದ್ಯಾರ್ಥಿ ಮೂಲವಾಕ್ಯ ಕೇಳಿ, ಬಿಡುವಿನಲ್ಲಿ ತಾನು ನುಡಿದದ್ದನ್ನು ಎರಡನೆಯ ಪಥದಲ್ಲಿ ಮುದ್ರಿಸಿ, ಟೇಪು ಹಿಂದಕ್ಕೆ ತಿರುಗಿಸಿ ಎರಡನ್ನೂ ಒಂದರ ಹಿಂದೊಂದು ಕೇಳುತ್ತಿದ್ದ. ಚೆನ್ನಾಗಿಲ್ಲವೆಂದರೆ ಅಳಿಸಿ ಮತ್ತೆ ಹೇಳಬಹುದಿತ್ತು. ತೊಂದರೆ ಇದ್ದದ್ದು ಕಿವಿಯಲ್ಲಿ. ತನ್ನ ತಪ್ಪನ್ನು ಕೇಳಿಸಿಕೊಳ್ಳಲು ಬರದವನಿಗೆ ಎರಡೂ ಒಂದೇ ರೀತಿ ಕೇಳಿಸುತ್ತಿತ್ತು. ಇತ್ತ, ಭಾಷೆಯನ್ನು ಬರಿಯ ಅಭ್ಯಾಸವೆಂದು ವಿವರಿಸಲಾಗದೆಂದು ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1959ರಲ್ಲಿ ಬರೆದ ವಿಮರ್ಶೆ ಈ ಪದ್ಧತಿಯ ಸಿದ್ಧಾಂತವನ್ನೇ ಅಲುಗಾಡಿಸಿತು. 1970ರ ದಶಕದಲ್ಲಿ ಪ್ರಯೋಗಾಲಯಗಳ ವೈಭವ ಇಳಿಯಿತು.

ಕ್ಯಾಸೆಟ್ ಮತ್ತು ನೆನಪಿನ ವೇಳಾಪಟ್ಟಿ

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್, 1979ರ ಸೋನಿ ವಾಕ್‌ಮನ್ ಇವು ಪ್ರಯೋಗಾಲಯವನ್ನು ಜೇಬಿಗಿಳಿಸಿದವು. ರಿವೈಂಡ್ ಗುಂಡಿ ಕಲಿಯುವವರ ಬೆರಳಿಗೆ ಬಂತು. ಆದರೆ ಎಷ್ಟು ಹೊತ್ತಿಗೊಮ್ಮೆ ಮತ್ತೆ ಕೇಳಬೇಕು? ಕಲಿತದ್ದು ಹೇಗೆ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಅಳೆದಿದ್ದ. ಅಮೆರಿಕದ ಪಾಲ್ ಪಿಮ್ಸ್ಲರ್ 1967ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹೊಸ ಪದವನ್ನು ನೆನಪಿಸುವ ಅಂತರಗಳನ್ನು ಸೂಚಿಸಿದ: 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, ಬಳಿಕ ಗಂಟೆ, ದಿನ, ತಿಂಗಳುಗಳು. ಮರೆಯುವ ಅಂಚಿನಲ್ಲಿ ನೆನಪಿಸಿದರೆ ಮುಂದಿನ ಸಲ ಇನ್ನಷ್ಟು ತಡವಾಗಿ ನೆನಪಿಸಿದರೂ ಸಾಕು ಎಂಬುದು ಇದರ ತಿರುಳು. ಅವನ ಹೆಸರಿನ ಧ್ವನಿಪಾಠಗಳು ಇಂದಿಗೂ ಮಾರಾಟದಲ್ಲಿವೆ.

ಟೇಪಿನಲ್ಲಿ ಈ ಅಂತರ ಎಲ್ಲರಿಗೂ ಒಂದೇ. ಒಬ್ಬೊಬ್ಬರ ಮರೆವಿಗೆ ತಕ್ಕಂತೆ ಅದನ್ನು ಬದಲಿಸಲು ಕಂಪ್ಯೂಟರ್ ಬೇಕಾಯಿತು. ಪೋಲೆಂಡಿನ ಪೊಜ್ನಾನ್ ನಗರದ ವಿದ್ಯಾರ್ಥಿ ಪ್ಯೋತರ್ ವೊಜ್ನ್ಯಾಕ್ ಇಂಗ್ಲಿಷ್ ಪದಗಳನ್ನೂ ಜೀವಶಾಸ್ತ್ರವನ್ನೂ ನೆನಪಿಡಲು ಹೆಣಗುತ್ತ 1987ರಲ್ಲಿ ಸೂಪರ್‌ಮೆಮೊ ಎಂಬ ಪ್ರೋಗ್ರಾಂ ಬರೆದ. 2006ರಲ್ಲಿ ಬಂದ ಉಚಿತ ತಂತ್ರಾಂಶ ಆಂಕಿ ಮೊದಲಿಗೆ ಇದರ ಲೆಕ್ಕಾಚಾರವನ್ನೇ ಆಧರಿಸಿತ್ತು.

ಕಂಪ್ಯೂಟರ್ ಬಂದಮೇಲೆ

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ 1960ರಲ್ಲಿ ಆರಂಭಿಸಿದ ಪ್ಲೇಟೊ ವ್ಯವಸ್ಥೆ ಕಂಪ್ಯೂಟರ್ ಮೂಲಕ ಪಾಠ ಹೇಳುವ ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು. 1970ರ ದಶಕದ ಅದರ ಟರ್ಮಿನಲ್‌ಗಳಲ್ಲಿ ಮುಟ್ಟಿದರೆ ಸ್ಪಂದಿಸುವ ಪ್ಲಾಸ್ಮಾ ಪರದೆಯಿತ್ತು. ಬೇಕಾದ ಧ್ವನಿತುಣುಕನ್ನು ಆಯ್ದು ನುಡಿಸುವ ಉಪಕರಣವನ್ನೂ ಜೋಡಿಸಬಹುದಿತ್ತು. 1980ರ ದಶಕದ ಮನೆಗಂಪ್ಯೂಟರ್‌ಗಳಲ್ಲಿ ಮುದ್ರಿತ ಮಾತಿಗೆ ಹೆಚ್ಚು ಜಾಗವಿರಲಿಲ್ಲ. ಬಿಟ್ಟ ಸ್ಥಳ ತುಂಬುವ ವ್ಯಾಕರಣದ ಕಸರತ್ತೇ ಹೆಚ್ಚು. ಸಿಡಿ-ರಾಮ್ ಇದನ್ನು ಬದಲಿಸಿತು. ಅಮೆರಿಕದ ವರ್ಜೀನಿಯಾದಲ್ಲಿ 1992ರಲ್ಲಿ ಆರಂಭವಾದ ಸಂಸ್ಥೆಯ ರೊಸೆಟ್ಟಾ ಸ್ಟೋನ್ ಅನುವಾದದ ಹಂಗಿಲ್ಲದೆ ಚಿತ್ರ ಮತ್ತು ಧ್ವನಿಗಳನ್ನು ಹೊಂದಿಸುತ್ತ ಕಲಿಸಿತು.

ಕಂಪ್ಯೂಟರು ಆಲಿಸುವಿಕೆಗೆ ಕೊಟ್ಟ ಅನುಕೂಲ ಸಣ್ಣದಾಗಿ ಕಂಡರೂ ದೊಡ್ಡದು. ಟೇಪಿನಲ್ಲಿ ಒಂದು ವಾಕ್ಯದ ಆರಂಭ ಹುಡುಕಲು ಹಿಂದೆ ಮುಂದೆ ಓಡಿಸಬೇಕಿತ್ತು. ಕಂಪ್ಯೂಟರಿನಲ್ಲಿ ವಾಕ್ಯದ ಮೇಲೆ ಒತ್ತಿದರೆ ಅದಷ್ಟೇ ನುಡಿಯುತ್ತದೆ. ಸ್ಥಾಯಿ ಕೆಡದಂತೆ ವೇಗವನ್ನು ತಗ್ಗಿಸಬಹುದು, ಬೇಕೆಂದಾಗ ಅಕ್ಷರರೂಪ ತೋರಿಸಬಹುದು, ಬೇಡವೆಂದರೆ ಮರೆಮಾಡಬಹುದು. ಷಾ ಕೈಯಾರೆ ತಿರುಗಿಸಿ ಸರಿಪಡಿಸಲು ಹೇಳಿದ ವೇಗ ಈಗ ಒಂದು ಆಯ್ಕೆಯಾಯಿತು.

ಯಂತ್ರಕ್ಕೆ ಕಿವಿ

1990ರ ದಶಕದಲ್ಲಿ ಮಾತನ್ನು ಗುರುತಿಸುವ ತಂತ್ರಾಂಶಗಳು ಸಾಮಾನ್ಯ ಕಂಪ್ಯೂಟರಿಗೆ ಬಂದವು. ನಿಲ್ಲಿಸದೆ ಆಡಿದ ಮಾತನ್ನು ಬರಹಕ್ಕಿಳಿಸುವ ಡ್ರಾಗನ್ ನ್ಯಾಚುರಲಿ ಸ್ಪೀಕಿಂಗ್ 1997ರಲ್ಲಿ ಬಿಡುಗಡೆಯಾಯಿತು. ಇದೇ ದಶಕದಲ್ಲಿ ಅಮೆರಿಕದ ಆರ್ಡಿನೇಟ್ ಸಂಸ್ಥೆ ದೂರವಾಣಿಯಲ್ಲಿ ಮಾತನಾಡಿಸಿ, ಮನುಷ್ಯರ ನೆರವಿಲ್ಲದೆ ಅಂಕ ಕೊಡುವ ಇಂಗ್ಲಿಷ್ ಪರೀಕ್ಷೆಯನ್ನು ರೂಪಿಸಿತು.

ಈ ತಂತ್ರದ ಗಮನಾರ್ಹ ಪ್ರಯೋಗ ಹೈದರಾಬಾದಿನಲ್ಲಿ ನಡೆಯಿತು. ದೆಹಲಿಯ ಕಾಲ್ಕಾಜಿಯಲ್ಲಿ 1999ರಲ್ಲಿ ಗೋಡೆಯೊಳಗೆ ಕಂಪ್ಯೂಟರ್ ಇಟ್ಟು ಮಕ್ಕಳು ತಾವೇ ಕಲಿಯುವುದನ್ನು ತೋರಿಸಿದ್ದ ಸುಗತ ಮಿತ್ರ ಮತ್ತು ಸಂಗಡಿಗರು 2003ರಲ್ಲಿ ಇದರ ವರದಿ ಪ್ರಕಟಿಸಿದರು. ಹದಿನಾರು ಮಕ್ಕಳಿಗೆ ಇಂಗ್ಲಿಷ್ ಕಲಿಕೆಯ ತಂತ್ರಾಂಶ, ಕೆಲವು ಇಂಗ್ಲಿಷ್ ಸಿನಿಮಾಗಳು ಮತ್ತು ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಕೊಡಲಾಯಿತು. ಪಾಠ ಹೇಳುವವರು ಯಾರೂ ಇರಲಿಲ್ಲ. ಮಕ್ಕಳು ಗುಂಪಾಗಿ ಕೂತು ಓದುವರು, ಯಂತ್ರಕ್ಕೆ ಅರ್ಥವಾಗದಿದ್ದರೆ ಪರದೆಯ ಮೇಲೆ ಬೇರೇನೋ ಮೂಡುವುದು, ಮತ್ತೆ ಓದುವರು. ಕೆಲವು ತಿಂಗಳಲ್ಲಿ ಅವರ ಉಚ್ಚಾರಣೆ ಸುಧಾರಿಸಿತೆಂದು ಯಂತ್ರದ ಎಣಿಕೆಯೂ ಕೇಳಿ ನೋಡಿದವರೂ ಹೇಳಿದರು.

ಇಂಥ ಯಂತ್ರಕ್ಕೆ ಮಿತಿಯೂ ಇತ್ತು. ಯಾವ ಉಚ್ಚಾರಣೆಯಲ್ಲಿ ಅದನ್ನು ಪಳಗಿಸಿದ್ದರೋ ಅದಕ್ಕೆ ಹೊಂದದ್ದೆಲ್ಲ ಅದಕ್ಕೆ ತಪ್ಪು. ಮನುಷ್ಯರಿಗೆ ಸಲೀಸಾಗಿ ಅರ್ಥವಾಗುವ ಮಾತೂ ಅಲ್ಲಿ ಅನುತ್ತೀರ್ಣವಾಗಬಹುದಿತ್ತು.

ಭಾರತ ಮತ್ತು ಕರ್ನಾಟಕ

ಹೈದರಾಬಾದಿನಲ್ಲಿ 1958ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಭಾರತೀಯರ ಉಚ್ಚಾರಣೆಯ ಅಧ್ಯಯನಕ್ಕೆ ನೆಲೆಯಾಯಿತು. ಅಲ್ಲಿನ ಆರ್. ಕೆ. ಬನ್ಸಲ್ 1969ರಲ್ಲಿ ಪ್ರಕಟಿಸಿದ ಅಧ್ಯಯನ, ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಅರ್ಥವಾಗದಿರಲು ಪದದೊಳಗಿನ ಒತ್ತು ತಪ್ಪಾದ ಕಡೆ ಬೀಳುವುದು ಮುಖ್ಯ ಕಾರಣಗಳಲ್ಲೊಂದೆಂದು ತೋರಿಸಿತು. ಕನ್ನಡಿಗರಿಗೂ ಇದು ಒಪ್ಪುತ್ತದೆ. ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ‘ರೆಕಾರ್ಡ್’ ನಾಮಪದವೋ ಕ್ರಿಯಾಪದವೋ ಎಂಬುದು ಒತ್ತಿನಿಂದಲೇ ತಿಳಿಯುತ್ತದೆ. ಇಂಗ್ಲಿಷಿನ ಎರಡು ಬಗೆಯ ‘ವ’ಕಾರಗಳು (v, w) ಕನ್ನಡದ ಕಿವಿಗೆ ಒಂದೇ. ‘ಎಗ್’ ಅನೇಕರ ಬಾಯಲ್ಲಿ ‘ಯೆಗ್’ ಆಗುತ್ತದೆ, ವ್ಯಂಜನಾಂತ ಪದಕ್ಕೆ ಉಕಾರ ಸೇರಿ ‘ಬಸ್ಸು’, ‘ಕಾರು’ ಆಗುತ್ತವೆ.

ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಅದರ ಸಹಕಾರದಿಂದ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಯೋಜನೆ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಜಗತ್ತಿನಾದ್ಯಂತ ಹೆಸರಾಯಿತು. ಒಂದೇ ವಾಕ್ಯವನ್ನು ಹೇಳಿಸುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಮಕ್ಕಳು ಸಮಸ್ಯೆ ಬಿಡಿಸುವಂತೆ ಮಾಡಿದ ಈ ಯೋಜನೆ, ಅರ್ಥದತ್ತ ಗಮನವಿಟ್ಟಾಗಲೇ ಭಾಷೆ ದಕ್ಕುತ್ತದೆಂದು ವಾದಿಸಿತು. ಕೇಳಿ ಹೇಳುವ ಪದ್ಧತಿಗೆ ಇದು ನೇರ ಸವಾಲು.

ಜನಸಾಮಾನ್ಯರ ದಾರಿ ಬೇರೆಯಿತ್ತು. ದೆಹಲಿಯ ಪುಸ್ತಕ್ ಮಹಲ್ ಹೊರತಂದ ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂತು. ಕ್ರಿಕೆಟಿಗ ಕಪಿಲ್ ದೇವ್ ಅದರ ಜಾಹೀರಾತಿನ ಮುಖ. ಇಂಗ್ಲಿಷ್ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಓದಿ ಕಲಿಯುವ ಇಂಥ ಪುಸ್ತಕಗಳಿಗೆ ಮುಂದೆ ಕ್ಯಾಸೆಟ್, ಸಿಡಿಗಳು ಜೊತೆಯಾದವು. 2000ದ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್‌ಗಳು ‘ವಾಯ್ಸ್ ಅಂಡ್ ಆಕ್ಸೆಂಟ್’ ತರಬೇತಿಯನ್ನು ನೌಕರಿಯ ಭಾಗವಾಗಿಸಿದವು. ಗಿರಾಕಿಗಳ ಕರೆಗಳ ಮುದ್ರಣ ಕೇಳುವುದು ದಿನದ ಕೆಲಸವಾಯಿತು. ನೆರೆಯ ಬಾಂಗ್ಲಾದೇಶದಲ್ಲಿ 2009ರಲ್ಲಿ ಆರಂಭವಾದ ಬಿಬಿಸಿ ಜನಾಲಾದಲ್ಲಿ 3000 ಸಂಖ್ಯೆಗೆ ಕರೆ ಮಾಡಿ ಮೂರು ನಿಮಿಷದ ಪಾಠ ಕೇಳಬಹುದಿತ್ತು. ಜೈಪುರದಲ್ಲಿ ಹುಟ್ಟಿದ ಹಲೋ ಇಂಗ್ಲಿಷ್ ಆ್ಯಪ್ ಭಾರತೀಯ ಭಾಷೆಗಳ ಮೂಲಕ ಕಲಿಸಿತು. ಗೂಗಲ್ 2019ರಲ್ಲಿ ಭಾರತದಲ್ಲೇ ಮೊದಲು ಬಿಡುಗಡೆ ಮಾಡಿದ ಬೋಲೊ, ಮಕ್ಕಳು ಜೋರಾಗಿ ಓದುವುದನ್ನು ಕೇಳಿ ತಿದ್ದುತ್ತಿತ್ತು.

ಸಂಶೋಧನೆ ಮತ್ತು ವಿಮರ್ಶೆ

ಪುನರಾವರ್ತಿತ ಆಲಿಸುವಿಕೆ ನಿಜಕ್ಕೂ ಫಲ ಕೊಡುತ್ತದೆಯೆ? ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಮತ್ತು ಸಂಗಡಿಗರು 1991ರಿಂದ ಪ್ರಕಟಿಸಿದ ಅಧ್ಯಯನಗಳು ಇಲ್ಲಿ ಮುಖ್ಯ. ‘ರ’ ಮತ್ತು ‘ಲ’ಗಳ ವ್ಯತ್ಯಾಸ ತಿಳಿಯದ ಜಪಾನಿ ಭಾಷಿಕರಿಗೆ ಹಲವು ಜನರ ಧ್ವನಿಯಲ್ಲಿ ಪದಗಳನ್ನು ಕೇಳಿಸಿ, ಉತ್ತರ ಸರಿಯೋ ತಪ್ಪೋ ಎಂದು ಆಗಲೇ ತಿಳಿಸಿದಾಗ ಅವರ ಕಿವಿ ಪಳಗಿತು, ಹಿಂದೆ ಕೇಳದ ಧ್ವನಿಗಳಲ್ಲೂ ವ್ಯತ್ಯಾಸ ಗುರುತಿಸಿದರು. ಕೇಳುವ ತರಬೇತಿಯಷ್ಟರಿಂದಲೇ ಅವರ ಉಚ್ಚಾರಣೆಯೂ ಸುಧಾರಿಸಿತೆಂದು 1997ರ ಅಧ್ಯಯನ ತೋರಿಸಿತು. ಒಬ್ಬನೇ ನಿರೂಪಕನ ತಟ್ಟೆಯನ್ನು ಸಾವಿರ ಸಲ ಕೇಳುವುದಕ್ಕಿಂತ ಬಗೆಬಗೆಯ ಧ್ವನಿಗಳನ್ನು ಕೇಳುವುದು ಮೇಲೆಂಬುದು ಇದರಿಂದ ಸಿಗುವ ಪಾಠ.

ಅರ್ಥವಾಗುವ ಮಾತನ್ನು ಹೇರಳವಾಗಿ ಕೇಳಿದರೆ ಭಾಷೆ ತಾನಾಗಿ ಬರುತ್ತದೆಂದು ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ವಾದಿಸಿದರು. ಕೆನಡಾದ ಮೆರಿಲ್ ಸ್ವೇನ್ 1985ರಲ್ಲಿ ಇದಕ್ಕೆ ಉತ್ತರವೆಂಬಂತೆ, ವರ್ಷಗಟ್ಟಲೆ ಫ್ರೆಂಚ್ ಕೇಳುತ್ತ ಬೆಳೆದ ಮಕ್ಕಳ ಮಾತಿನಲ್ಲೂ ತಪ್ಪುಗಳು ಉಳಿದಿದ್ದುದನ್ನು ತೋರಿಸಿ, ಎದುರಿನವರಿಗೆ ತಿಳಿಯುವಂತೆ ಮಾತನಾಡಲೇಬೇಕಾದ ಒತ್ತಡವಿಲ್ಲದೆ ಭಾಷೆ ಪಕ್ವವಾಗದೆಂದರು.

ಇಂದಿನ ಸ್ಥಿತಿ

2012ರಲ್ಲಿ ಸಾರ್ವಜನಿಕರಿಗೆ ತೆರೆದ ಡುವೊಲಿಂಗೊ ಭಾಷಾಕಲಿಕೆಯನ್ನು ಫೋನಿನ ಆಟವಾಗಿಸಿತು. 2022ರ ನವೆಂಬರ್‌ನಲ್ಲಿ ಬಂದ ಚಾಟ್‌ಜಿಪಿಟಿ ಮರುವರ್ಷ ಧ್ವನಿಯಲ್ಲೂ ಸಂಭಾಷಿಸತೊಡಗಿತು. ಮೊದಲೇ ಮುದ್ರಿಸಿಟ್ಟ ವಾಕ್ಯ ನುಡಿಯುವ ಯಂತ್ರದ ಜಾಗದಲ್ಲಿ, ಕೇಳಿಸಿಕೊಂಡು ಮರುಮಾತಾಡುವ ಯಂತ್ರ ಬಂದಿದೆ. ತಪ್ಪಿಗೆ ನಗದ, ಬೇಸರಿಸದ ಇಂಥ ಜೊತೆಗಾರನಿಂದ ಸಂಕೋಚದ ಸ್ವಭಾವದವರಿಗೆ ಲಾಭವಿದೆ. ಆದರೆ ಅರೆಬರೆ ವಾಕ್ಯವನ್ನೂ ಯಂತ್ರ ಊಹಿಸಿ ಅರ್ಥಮಾಡಿಕೊಂಡುಬಿಡುವುದರಿಂದ, ಸ್ವೇನ್ ಹೇಳಿದ ಒತ್ತಡ ಅಲ್ಲಿ ಸಡಿಲಾಗುತ್ತದೆ. ಸಂದರ್ಶನದಲ್ಲೋ ಬ್ಯಾಂಕಿನ ಕಿಟಕಿಯೆದುರೋ ಇಂಗ್ಲಿಷ್ ಆಡಬೇಕಾದವರಿಗೆ ಯಂತ್ರ ಕಿವಿಯನ್ನೂ ನಾಲಿಗೆಯನ್ನೂ ಸಜ್ಜುಗೊಳಿಸಬಲ್ಲದು; ಅವಸರದಲ್ಲಿರುವ, ಅಡ್ಡಮಾತು ಹಾಕುವ, ಬೇರೆ ಬೇರೆ ಊರಿನ ಧಾಟಿಯಲ್ಲಿ ಮಾತನಾಡುವ ಜನರೊಡನೆ ಪಳಗುವುದು ಮಾತ್ರ ಅಂಥ ಜನರ ನಡುವೆಯೇ ಆಗಬೇಕು.