ಟ್ರಾನ್ಸ್‌ಫರ್ ಎಂಬ ಕ್ರಿಯಾಪದ

ಬ್ಯಾಂಕಿನವರ ಮನೆಯಲ್ಲಿ ಮಕ್ಕಳು ಅಪ್ಪ, ಅಮ್ಮ ಆದ ಮೇಲೆ ಕಲಿಯುವ ಮಾತು ‘ಟ್ರಾನ್ಸ್‌ಫರ್’. ಮೂವತ್ತೈದು ವರ್ಷ ಈ ಕ್ರಿಯಾಪದಕ್ಕೆ ಕರ್ಮಪದವಾಗಿದ್ದವನು ನಾನು. ನಿವೃತ್ತಿಯ ಬಿಡುವಿನಲ್ಲಿ ಅದರ ಮೂಲ ಹುಡುಕುತ್ತಾ ಕೂತೆ.

ಲ್ಯಾಟಿನ್ನಿನಲ್ಲಿ ‘ಟ್ರಾನ್ಸ್’ ಅಂದರೆ ಆಚೆ, ‘ಫೆರ್ರೆ’ ಅಂದರೆ ಹೊರು. ಆಚೆಗೆ ಹೊತ್ತೊಯ್ಯುವುದೇ ಟ್ರಾನ್ಸ್‌ಫರ್. ‘ಆಚೆ’ ಏನೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮಯೂರ್ ವಿಹಾರ್ ಇರುವ ಯಮುನೆಯ ಪೂರ್ವದ ದಡಕ್ಕೆ ದಿಲ್ಲಿಯ ಜನ ‘ಜಮ್ನಾಪಾರ್’ ಅಂತಾರೆ, ಸರಕಾರಿ ಕಡತ ‘ಟ್ರಾನ್ಸ್ ಯಮುನಾ’ ಅನ್ನುತ್ತೆ.

‘ಫೆರ್ರೆ’ಯೂ ಪರಕೀಯವಲ್ಲ. ಸಂಸ್ಕೃತದ ‘ಭೃ’ ಧಾತು ಅದರ ದಾಯಾದಿ; ನಮ್ಮ ಭಾರ, ಭರಿಸು ಅಲ್ಲಿಂದ ಬಂದವು. ಇಂಗ್ಲಿಷಿನ ‘ಬೇರ್’ ಇದೇ ಕುಲದ್ದು. ‘ಸಫರ್’ ಕೂಡ ಫೆರ್ರೆಯ ಮಗಳೇ: ಕೆಳಗೆ ನಿಂತು ಹೊರುವುದು. ಟ್ರಾನ್ಸ್‌ಫರ್, ಸಫರ್ ಅಕ್ಕತಂಗಿಯರು ಅಂದಾಗ ನನ್ನ ಹೆಂಡತಿ ನಿಘಂಟು ನೋಡದೆಯೇ ಒಪ್ಪಿದಳು!

ಕನ್ನಡದ ‘ವರ್ಗ’ದಲ್ಲಿ ಹೊರುವ ಮಾತಿಲ್ಲ, ಅದು ಗುಂಪು, ವಿಭಾಗ. ಹಿಂದಿಯ ‘ತಬಾದಲಾ’ ಅರಬ್ಬಿಯ ‘ಬದಲ್’ನಿಂದ ಬಂದದ್ದು; ಅಲ್ಲಿರುವುದು ಒಬ್ಬನ ಬದಲು ಇನ್ನೊಬ್ಬ ಅನ್ನುವ ಲೆಕ್ಕ. ಹೊರೆಯ ನೆನಪು ಇಟ್ಟುಕೊಂಡದ್ದು ಇಂಗ್ಲಿಷ್ ಪದವೇ. ಆದರೆ ಅದನ್ನು ನಾವು ಬಳಸುವ ರೀತಿ ಅಪ್ಪಟ ಕನ್ನಡ. ‘ನನಗೆ ಟ್ರಾನ್ಸ್‌ಫರ್ ಆಯ್ತು’ ಅಂತೀವಿ, ಜ್ವರ ಬಂತು, ಮದುವೆ ಆಯ್ತು ಅಂದ ಹಾಗೆ. ಮಾಡಿದವರು ಯಾರು ಅಂತ ವಾಕ್ಯ ಬಾಯಿ ಬಿಡುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈ ಪದಕ್ಕೆ ಬಲ ಬಂದದ್ದು ಬ್ಯಾಂಕುಗಳಿಂದ. 1906ರಲ್ಲಿ ಮಂಗಳೂರಿನ ಕೆನರಾ, ಅದೇ ವರ್ಷ ಉಡುಪಿಯ ಕಾರ್ಪೊರೇಷನ್, 1925ರಲ್ಲಿ ಉಡುಪಿಯದೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನ ವಿಜಯಾ ಹುಟ್ಟಿದವು. 1969ರ ಜುಲೈ 19ರಂದು ಕೆನರಾ, ಸಿಂಡಿಕೇಟ್ ರಾಷ್ಟ್ರೀಕರಣವಾದವು, 1980ರ ಏಪ್ರಿಲ್ 15ರಂದು ಉಳಿದೆರಡು. ಆಮೇಲೆ ಉತ್ತರದ ಊರೂರಲ್ಲೂ ಶಾಖೆಗಳು ತೆರೆದವು. ಮೂಲ್ಕಿಯ ಹುಡುಗ ಮೊರಾದಾಬಾದಿಗೆ, ಕುಂದಾಪುರದವನು ಕಾನ್ಪುರಕ್ಕೆ. ಬಡ್ತಿ ಬೇಕೋ, ವಿಂಧ್ಯ ದಾಟು!

ಹಣಕ್ಕೂ ಇದೇ ಪದ. ಟಿ.ಟಿ., ಅಂದರೆ ತಂತಿ ಮೂಲಕ ಟ್ರಾನ್ಸ್‌ಫರ್, ಕಳಿಸಿದರೆ ಇಲ್ಲಿ ಡೆಬಿಟ್ ಆದಷ್ಟೂ ಅಲ್ಲಿ ಕ್ರೆಡಿಟ್. ಒಂದು ಪೈಸೆ ಹೆಚ್ಚುಕಮ್ಮಿ ಇಲ್ಲ. ಮನುಷ್ಯರದ್ದು ಹಾಗೆ ತಾಳೆಯಾಗುವುದಿಲ್ಲ. ಮಗಳು ಮೂರನೇ ಕ್ಲಾಸಿನ ನಡುವೆ ಕನ್ನಡ ಬಿಟ್ಟು ಹಿಂದಿಗೆ ಹೋದಳು. ಊರಿನ ಅಜ್ಜಿಗೆ ಅವಳು ಬರೆದ ಕಾಗದವನ್ನು ನಾನು ಕನ್ನಡಕ್ಕೆ ಇಳಿಸಿ ಅಂಚೆಗೆ ಹಾಕುತ್ತಿದ್ದೆ. ‘ಟ್ರಾನ್ಸ್‌ಲೇಟ್’ ಅನ್ನುವುದೂ ಟ್ರಾನ್ಸ್‌ಫರ್ ಹುಟ್ಟಿದ ಲ್ಯಾಟಿನ್ ಕ್ರಿಯಾಪದದ ಇನ್ನೊಂದು ರೂಪ ಅಂತ ಆಗ ಗೊತ್ತಿರಲಿಲ್ಲ. ಇಂಗ್ಲೆಂಡಿನ ಚರ್ಚಿನಲ್ಲಿ ಬಿಷಪ್ಪರು ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋದರೆ ಈಗಲೂ ‘ಟ್ರಾನ್ಸ್‌ಲೇಟ್’ ಆದರು ಅಂತಲೇ ಹೇಳುತ್ತಾರೆ. ಅಜ್ಜಿಗೆ ಮಾತ್ರ ಆ ಕಾಗದಗಳಲ್ಲಿ ಮೊಮ್ಮಗಳಿಗಿಂತ ಮಗನ ದನಿಯೇ ಕೇಳುತ್ತಿತ್ತಂತೆ.

ಕೊನೆಗೆ ಬ್ಯಾಂಕುಗಳಿಗೇ ವರ್ಗವಾಯಿತು ಅನ್ನಿ. 2019ರ ಏಪ್ರಿಲ್ 1ರಂದು ವಿಜಯಾ, ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಪಿಂಚಣಿ ಬರುವ ನನ್ನ ಪಾಸ್‌ಬುಕ್ಕಿನ ಮೇಲೆ ಈಗ ಬೇರೆ ಹೆಸರಿದೆ. ಹಳೆಯದು ಕಪಾಟಿನಲ್ಲಿ, ಮಗಳ ಕಾಗದಗಳ ಜೊತೆ.